ಯವನ ನಾಣ್ಯಗಳೂ ಅವುಗಳ ಅನುಕೃತಿಗಳೂ

ರಾಯಚೂರು, ದೇವದುರ್ಗ, ಮಾನ್ವಿಗಳ ಕಡೆ ಉಳುವವನಿಗೆ ಪರದೇಶದ ಮುಖಮುದ್ರೆಯುಳ್ಳ ಬಿಲ್ಲೆಯೊಂದು ದೊರೆತಿತೆನ್ನೋಣ. ಅವನು ಅದನ್ನು ಮೊದಲು ತೋರಿಸುವುದು ಅಕ್ಕಸಾಲಿಗನಿಗೆ, ಬಳಿಕ ಊರಿನ ಓದಿದವನಿಗೆ. ಆ ಓದಿದವನು ದುಡುಕಿ ‘ಖೋಟಾ’ ಎಂದನೋ, ಮರುದಿನವೇ ಅದು ಮೂಸೆಯನ್ನು ಸೇರುವುದು. ಆದುದರಿಂದ ಈ ವಿಷಯವು ವಿಚಾರಣೀಯವಾಗಿದೆ.

ನಮ್ಮ ಪೂರ್ವಿಕರು ಗ್ರೀಕರನ್ನೂ ರೋಮಕರನ್ನೂ ಯವನರೆಂದೇ ಕರೆದರು. ಅವರ ‘ದೀನಾರ’ ಶಬ್ದವು ಅಮರಕೋಶದಲ್ಲಿಯೂ ನೆಲೆಸಿದೆ. ಕರ್ಣಾಟಕದಲ್ಲಿ ಯಶವಂತಪುರದ ಬಳಿ 1891ರಲ್ಲಿ 163 ರೋಮಕ ಬೆಳ್ಳಿಯ ನಾಣ್ಯಗಳು ದೊರೆತವು. ಚಂದ್ರವಳ್ಳಿಯಲ್ಲಿ ಆಗಸ್ಟಸ್, ತಿಬೇರಿಯಸರ ನಾಣ್ಯಗಳೂ, ಅಕ್ಕಿಆಲೂರಿನಲ್ಲಿ ಬೈಜಾಂತಿಯಮ್ಮಿನ ಚಿನ್ನದ ನಾಣ್ಯಗಳೂ ದೊರೆತಿವೆ.

ಮೊದಲನೆಯ ಪರೀಕ್ಷೆ ತೂಕ. ಆಗಸ್ಟಸನ ಕಾಲದಲ್ಲಿ ಒಂದು ರೋಮಕ ಪೌಂಡು ಬೆಳ್ಳಿಗೆ 84 ನಾಣ್ಯಗಳು, ಕ್ರಿ. ಶ. 64ರ ಸುಮಾರಿಗೆ ನೀರೋ ಅದನ್ನು 96ಕ್ಕೆ ಏರಿಸಿ, ಬೆಳ್ಳಿಯ ಶುದ್ಧಿಯನ್ನೂ ತಗ್ಗಿಸಿದನು. ಮುಖಗಳು ಬೇರೆಬೇರೆಯಾಗಿದ್ದರೂ ತೂಕವು ಒಂದೇ ಆಗಿರುವುದನ್ನು ಕಂಡು ಸಿಂಹಳದ ಅರಸನು ರೋಮಕರ ಪ್ರಾಮಾಣಿಕತೆಯನ್ನು ಮೆಚ್ಚಿದನೆಂದು ಪ್ಲಿನಿಯು ಬರೆದಿದ್ದಾನೆ. ಆದರೆ ಚಿನ್ನದಲ್ಲಿ ತೂಕವೂ ಬಣ್ಣವೂ ಸಾಲವು. ಹಟ್ಟಿಯಲ್ಲಿ ಪ್ರಾಚೀನರು ನೂರಾರು ಅಡಿ ತೋಡಿದ ಗಣಿಗುಂಡಿಗಳಿವೆ. ಚಿನ್ನವು ನೆಲದಲ್ಲಿಯೇ ಹುಟ್ಟುವ ಸೀಮೆಯಲ್ಲಿ ಅಪ್ಪಟ ಚಿನ್ನವೆಂಬುದರಿಂದಲೇ ನಾಣ್ಯವು ರೋಮಿನದೆಂದು ಹೇಗೆ ಸಿದ್ಧವಾದೀತು?

ನಿಜವಾದ ಸಾಕ್ಷಿ ಅಕ್ಷರಗಳು. ಮುಖವನ್ನು ನೋಡಿ ಕೊರೆಯಬಲ್ಲ ಕುಶಲನೂ ತಾನು ಓದಲಾರದ ಲಿಪಿಯಲ್ಲಿ ಎಡವುತ್ತಾನೆ. ತಿಬೇರಿಯನ ನಾಣ್ಯದ ಹಿಂಭಾಗದಲ್ಲಿ ಕುಳಿತ ಸ್ತ್ರೀಯ ಸುತ್ತಲೂ ‘ಪೊಂಟಿಫ್ ಮ್ಯಾಕ್ಸಿಮ್’ ಎಂಬ ಬಿರುದಿರುವುದು. ಇಂಥ ಲೇಖವು ಅನುಕೃತಿಯಲ್ಲಿ ಬರಿಯ ಗೀಟುಗಳ ಸಾಲಾಗುತ್ತದೆ. ಕೆಲವು ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತವೆ. ಒಬ್ಬನ ಮುಖಕ್ಕೆ ಮತ್ತೊಬ್ಬನ ಹಿಂಭಾಗವು ಜೋಡಿಯಾಗುವುದೂ ಉಂಟು. ಇಲ್ಲಿ ಎಚ್ಚರಿಕೆ ಬೇಕು. ಸವೆದ ಅಕ್ಷರ ಬೇರೆ, ತಪ್ಪಿ ಕೊರೆದ ಅಕ್ಷರ ಬೇರೆ. ಟಂಕಸಾಲೆಯ ನಾಣ್ಯವೂ ಕೈಯಿಂದ ಕೈಗೆ ಹೋಗಿ ನುಣುಪಾಗಿರಬಹುದು. ಆಗಲೂ ಉಳಿದ ಗೆರೆಗಳು ಸರಿಯಾದ ಅಕ್ಷರದ ಅಂಗಗಳಾಗಿಯೇ ಇರುತ್ತವೆ. ಇದನ್ನು ತಿರುತಿರುಗಿಸಿ ನೋಡದೆ ನಿರ್ಣಯಿಸಲಾಗದು. ರೂಪವಿದ್ಯೆಯನ್ನು ಕಲಿತರೆ ಉಪಾಲಿಯ ಕಣ್ಣು ನೊಂದೀತೆಂದು ಅವನ ತಾಯಿತಂದೆಗಳು ಚಿಂತಿಸಿದರೆಂದು ವಿನಯಪಿಟಕವು ಹೇಳುತ್ತದೆ. ಐವತ್ತು ದಾಟಿದ ನನ್ನ ಕಣ್ಣುಗಳು ಆ ಮಾತನ್ನು ಚೆನ್ನಾಗಿ ಬಲ್ಲವು.

ಇನ್ನು ‘ಖೋಟಾ’ ಶಬ್ದ. ಕೌಟಿಲ್ಯನು ರೂಪದರ್ಶಕನೆಂಬ ನಾಣ್ಯಪರೀಕ್ಷಕನನ್ನು ನಿಯಮಿಸಿ, ಕೂಟರೂಪಕಾರನಿಗೆ ದಂಡನೆಯನ್ನು ವಿಧಿಸಿದನು. ತಾಮ್ರದ ಮೇಲೆ ಬೆಳ್ಳಿಯ ತಗಡನ್ನು ಹೊದಿಸಿದುದು ಕೂಟವೇ ಸರಿ. ಆದರೆ ತುಂಬಿದ ತೂಕದ ಚಿನ್ನದ ಅನುಕೃತಿಯಿಂದ ಯಾರಿಗೆ ಏನು ನಷ್ಟ? ತೆಲಂಗಾಣದ ಕೊಂಡಾಪುರದ ಉತ್ಖನನದಲ್ಲಿ ತಿಬೇರಿಯನ ನಾಣ್ಯವನ್ನು ಅನುಕರಿಸಿದ ಮಣ್ಣಿನ ಬಿಲ್ಲೆಗಳೇ ಸಿಕ್ಕಿವೆ. ಮಣ್ಣನ್ನು ಕೊಟ್ಟು ಯಾವ ವರ್ತಕನನ್ನೂ ವಂಚಿಸಲಾಗದು. ಅವು ಧರಿಸುವುದಕ್ಕಾಗಿ ಮಾಡಿದ ಆಭರಣಗಳೆಂದೇ ಹೇಳಬೇಕು. ಅಂಥ ಬಿಲ್ಲೆಯು ರೋಮಿನ ಇತಿಹಾಸಕ್ಕೆ ಸಾಕ್ಷಿಯಲ್ಲದಿರಬಹುದು, ನಮ್ಮ ಇತಿಹಾಸಕ್ಕೆ ಸಾಕ್ಷಿಯೇ. ಆದಕಾರಣ ನಿರ್ಣಯವು ಏನೇ ಆಗಲಿ, ಮೊದಲು ತೂಗಿ, ಎರಡು ಮುಖಗಳ ಚಿತ್ರವನ್ನೂ ತೆಗೆದು, ದೊರೆತ ಹೊಲದ ಹೆಸರನ್ನು ಬರೆದಿಡತಕ್ಕದ್ದು.