ನೌಕಾ ಬಂಡಾಯದ ತನಿಖೆ: ಥಾಣೆಯ ‘ಅಕ್ಬರ್’ ನೆಲೆ ಮತ್ತು 1946ರ ವಿಚಾರಣಾ ಆಯೋಗ

ಸೇನೆಯೊಳಗೆ ನಡೆದ ಗುರುತರ ಅಪರಾಧವನ್ನು ಸೇನೆಯೇ ತನಿಖೆ ಮಾಡುವಾಗ ತಪ್ಪಿತಸ್ಥರು ಯಾರೆಂಬುದು ಬೇಗ ಗೊತ್ತಾಗುತ್ತದೆ. ಆದರೆ ತನಿಖೆಯ ಅಧಿಕಾರವೂ ಮೇಲಧಿಕಾರಿಗಳ ಕೈಯಲ್ಲೇ ಇರುವುದರಿಂದ, ಅವರ ನಡವಳಿಕೆಯೇ ಅಪರಾಧಕ್ಕೆ ಎಷ್ಟು ಕಾರಣವಾಯಿತೆಂಬ ಪ್ರಶ್ನೆ ಹಿಂದುಳಿಯುತ್ತದೆ. 1946ರ ಫೆಬ್ರವರಿಯಲ್ಲಿ ಮುಂಬಯಿ ಮತ್ತು ಥಾಣೆಯ ನೆಲೆಗಳನ್ನು ವ್ಯಾಪಿಸಿದ ರಾಯಲ್ ಇಂಡಿಯನ್ ನೇವಿಯ ಬಂಡಾಯ ಈ ತೊಡಕಿಗೆ ಸ್ಪಷ್ಟ ನಿದರ್ಶನ. ಬ್ರಿಟನ್ನಿನ 1866ರ ನೌಕಾ ಶಿಸ್ತು ಕಾಯ್ದೆಯನ್ನು ಕೆಲವು ಮಾರ್ಪಾಡುಗಳೊಂದಿಗೆ ಅಳವಡಿಸಿಕೊಂಡಿದ್ದ 1934ರ ಕಾಯ್ದೆ ಆಗ ಜಾರಿಯಲ್ಲಿದ್ದು, ಅದರಂತೆ ಬಂಡಾಯ, ಅಂದರೆ ಅಧಿಕಾರವನ್ನು ಸಾಮೂಹಿಕವಾಗಿ ಧಿಕ್ಕರಿಸುವುದು, ಅತ್ಯಂತ ಗಂಭೀರ ಅಪರಾಧಗಳಲ್ಲಿ ಒಂದಾಗಿತ್ತು.

ಮುಂಬಯಿಯ ಸಂಕೇತ ತರಬೇತಿ ನೆಲೆ ‘ತಲ್ವಾರ್’ನ ಮುಖ್ಯಾಧಿಕಾರಿ ಕಮಾಂಡರ್ ಕಿಂಗ್ ಅವಾಚ್ಯವಾಗಿ ಬೈದರೆಂದು ನಾವಿಕರು ಆ ತಿಂಗಳ ಆರಂಭದಲ್ಲೇ ದೂರಿತ್ತಿದ್ದರು. ದೂರು ಆಪಾದಿತ ಅಧಿಕಾರಿಯ ಮುಂದೆಯೇ ಬಂದಿತು. ಸುಳ್ಳು ದೂರು ಶಿಕ್ಷಾರ್ಹವೆಂಬ ಎಚ್ಚರಿಕೆಯೂ ಅವರಿಂದಲೇ ಹೊರಟಿತು. ಫೆಬ್ರವರಿ 18ರಂದು ಅಲ್ಲಿ ಆರಂಭವಾದ ಮುಷ್ಕರವನ್ನು ಥಾಣೆಯ ಕೋಲ್ಶೆಟ್‌ನಲ್ಲಿದ್ದ ‘ಅಕ್ಬರ್’ ನೆಲೆಯ ನಾವಿಕರೂ ಸೇರಿಕೊಂಡರು. ಕಾಂಗ್ರೆಸ್ ನಾಯಕ ವಲ್ಲಭಭಾಯಿ ಪಟೇಲರ ಸಲಹೆಯ ನಂತರ 23ರಂದು ಶರಣಾಗತಿಯಾಯಿತು. ಬಂಧಿತರಲ್ಲಿ ಹಲವರನ್ನು ಥಾಣೆಗೆ ಹೊಂದಿಕೊಂಡಿರುವ ಮುಲುಂಡ್ ಶಿಬಿರದಲ್ಲಿ ಇರಿಸಲಾಯಿತು.

ತನಿಖೆ ಎರಡು ಹಂತಗಳಲ್ಲಿ ನಡೆಯಿತು. ಹಡಗು ಮತ್ತು ನೆಲೆಗಳಲ್ಲಿ ನೇಮಕವಾದ ವಿಚಾರಣಾ ಮಂಡಳಿಗಳು, ಅಂದರೆ ಸಾಕ್ಷ್ಯ ಕಲೆಹಾಕುವ ಸೇನಾಧಿಕಾರಿಗಳ ಆಂತರಿಕ ಸಮಿತಿಗಳು, ಘಟನೆಗಳ ವಿವರವನ್ನು ದಾಖಲಿಸಿದವು. ಬಳಿಕ ಸರ್ಕಾರ ರಚಿಸಿದ ಐವರ ಆಯೋಗಕ್ಕೆ ಪಟ್ನಾ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಸೈಯದ್ ಫಜಲ್ ಅಲಿ ಅಧ್ಯಕ್ಷರಾಗಿದ್ದರು, ಕೆ. ಎಸ್. ಕೃಷ್ಣಸ್ವಾಮಿ ಅಯ್ಯಂಗಾರ್ ಮತ್ತು ಮೆಹರ್ ಚಂದ್ ಮಹಾಜನ್ ಎಂಬ ಇಬ್ಬರು ನ್ಯಾಯಾಧೀಶರೊಂದಿಗೆ ವೈಸ್ ಅಡ್ಮಿರಲ್ ಪ್ಯಾಟರ್ಸನ್ ಹಾಗೂ ಮೇಜರ್ ಜನರಲ್ ರೀಸ್ ಸದಸ್ಯರಾಗಿದ್ದರು. ಹೀಗೆ ಸೇನೆಯವರು ಅಲ್ಪಸಂಖ್ಯಾತರಾಗಿದ್ದ ಈ ಆಯೋಗ, ಆಹಾರ, ವೇತನ, ಸೇವೆಯಿಂದ ಬಿಡುಗಡೆ, ವರ್ಣಭೇದ ಮುಂತಾದ ವಿಷಯಗಳಲ್ಲಿ ಬಹುಕಾಲದಿಂದ ಹೆಪ್ಪುಗಟ್ಟಿದ್ದ ಅಸಮಾಧಾನವನ್ನೂ ಅಧಿಕಾರಿಗಳ ವರ್ತನೆಯನ್ನೂ ಬಂಡಾಯದ ಕಾರಣಗಳಲ್ಲಿ ಎಣಿಸಿತು.

ಸ್ವತಂತ್ರ ಭಾರತದ 1957ರ ನೌಕಾಪಡೆ ಕಾಯ್ದೆ ಬಂಡಾಯವನ್ನು ಗುರುತರ ಅಪರಾಧವಾಗಿಯೇ ಉಳಿಸಿಕೊಂಡು, ಅದರ ಜೊತೆಗೆ ನೊಂದವರ ಅಹವಾಲಿಗೂ ಅವಕಾಶ ಕಲ್ಪಿಸಿತು. 2007ರ ಕಾಯ್ದೆಯಂತೆ ರಚನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ ಸೇನಾ ನ್ಯಾಯಾಲಯದ, ಅಂದರೆ ಕೋರ್ಟ್ ಮಾರ್ಷಲ್‌ನ, ತೀರ್ಪಿನ ಮೇಲೆ ಮೇಲ್ಮನವಿ ಸಲ್ಲಿಸಬಹುದು. ಅಲ್ಲಿಯೂ ನ್ಯಾಯಾಂಗದ ಹಿನ್ನೆಲೆಯವರು ಮತ್ತು ಸೇನಾನುಭವಿಗಳು ಒಟ್ಟಿಗೆ ಕುಳಿತು ವಿಚಾರಿಸುತ್ತಾರೆ. ಆದರೂ ಸಾಕ್ಷ್ಯ ಮೊದಲು ರೂಪುಗೊಳ್ಳುವ ಆಂತರಿಕ ವಿಚಾರಣೆ ಇಂದಿಗೂ ಸೇನಾಧಿಕಾರಿಗಳ ಕೈಯಲ್ಲೇ ಇರುವುದರಿಂದ, ಹೊರಗಿನ ನ್ಯಾಯಾಧೀಶರು ತಡವಾಗಿ ಕೇಳಿದ ಪ್ರಶ್ನೆಗಳನ್ನು ಮೊದಲ ಹಂತದಲ್ಲೇ ಯಾರು ಕೇಳಬೇಕೆಂಬ ಸಮಸ್ಯೆ ಪೂರ್ತಿಯಾಗಿ ಬಗೆಹರಿದಿಲ್ಲ.