ತ್ರಿಆಯಾಮ ಸ್ಕ್ಯಾನಿಂಗ್ (ಕೈಗಾರಿಕೆಯಲ್ಲಿ)

ವಸ್ತುವಿನ ಮೇಲ್ಮೈಯ ಅಸಂಖ್ಯ ಬಿಂದುಗಳ ಸ್ಥಾನವನ್ನು ಅಳೆದು ಅದರ ಆಕಾರವನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ಮಾಪನ ವಿಧಾನ. ಕೈಗಾರಿಕೆಯಲ್ಲಿ ಇದರ ಮುಖ್ಯ ಬಳಕೆ ಎರಡು: ಇರುವ ಬಿಡಿಭಾಗದಿಂದ ವಿನ್ಯಾಸವನ್ನು ಮರಳಿ ರೂಪಿಸುವ ರಿವರ್ಸ್ ಎಂಜಿನಿಯರಿಂಗ್ ಮತ್ತು ತಯಾರಾದ ಬಿಡಿಭಾಗದ ತಪಾಸಣೆ.

ಹಿನ್ನೆಲೆ: 1950ರ ದಶಕದಲ್ಲಿ ಸ್ಕಾಟ್ಲೆಂಡಿನಲ್ಲಿ ಫೆರಾಂಟಿ ಸಂಸ್ಥೆ ರೂಪಿಸಿದ ನಿರ್ದೇಶಾಂಕ ಮಾಪನ ಯಂತ್ರ ಬಿಂದುಗಳನ್ನು ಒಂದೊಂದಾಗಿ ಮುಟ್ಟಿ ಅಳೆಯುತ್ತಿತ್ತು. ಮುಟ್ಟದೆ ಅಳೆಯುವ ಸ್ಕ್ಯಾನರುಗಳು ಅನಂತರ ಬಂದವು. ಬೇರೆ ಬೇರೆ ಕೋನಗಳ ದತ್ತಾಂಶವನ್ನು ಹೊಂದಿಸಲು ಸಂಶೋಧಕರಾದ ಬೆಸ್ಲ್ ಮತ್ತು ಮೆಕೇ 1992ರಲ್ಲಿ ಪ್ರಕಟಿಸಿದ ಗಣನಕ್ರಮ ವ್ಯಾಪಕ ಬಳಕೆಗೆ ಬಂದಿತು.

ವಿಧಗಳು: ಲೇಸರ್ ಸ್ಕ್ಯಾನರ್ ಮೇಲ್ಮೈಗೆ ಬೆಳಕಿನ ಗೆರೆ ಹಾಯಿಸಿ, ಕ್ಯಾಮೆರಾದಲ್ಲಿ ಅದು ಕಾಣುವ ಸ್ಥಾನದಿಂದ ತ್ರಿಕೋನಮಿತಿಯ ಮೂಲಕ ದೂರವನ್ನು ಲೆಕ್ಕಹಾಕುತ್ತದೆ. ಇನ್ನೊಂದು ಬಗೆ ಪಟ್ಟೆಪಟ್ಟೆಯಾದ ಬೆಳಕನ್ನು ಚೆಲ್ಲಿ ಪಟ್ಟೆಗಳ ಬಾಗುವಿಕೆಯನ್ನು ಅಳೆಯುತ್ತದೆ. ಒಳಭಾಗದ ಟೊಳ್ಳುಗಳಿಗೆ ಎಕ್ಸ್-ರೇ ಆಧಾರಿತ ಸಿಟಿ ಸ್ಕ್ಯಾನಿಂಗ್ ಬೇಕು.

ಕಾರ್ಯವಿಧಾನ: ಅಳೆದ ಬಿಂದುಸಮೂಹವನ್ನು ತ್ರಿಕೋನಗಳ ಜಾಲವಾಗಿಸಿ, ಅದರಿಂದ ಸಮತಲ, ಸಿಲಿಂಡರ್, ವಕ್ರಮೇಲ್ಮೈಗಳನ್ನು ಗುರುತಿಸಿ ಕ್ಯಾಡ್ (ಕಂಪ್ಯೂಟರ್ ನೆರವಿನ ವಿನ್ಯಾಸ) ಮಾದರಿಯನ್ನು ಕಟ್ಟಲಾಗುತ್ತದೆ. ಸ್ಕ್ಯಾನ್ ಬಿಡಿಭಾಗದ ಸವಕಳಿಯನ್ನೂ ದಾಖಲಿಸುವುದರಿಂದ ಮೂಲ ಅಳತೆಯನ್ನು ವಿನ್ಯಾಸಕಾರ ನಿರ್ಧರಿಸಬೇಕು. ತಪಾಸಣೆಯಲ್ಲಿ ದತ್ತಾಂಶವನ್ನು ಮೂಲ ಕ್ಯಾಡ್ ಮಾದರಿಯೊಂದಿಗೆ ಹೊಂದಿಸಿ, ವ್ಯತ್ಯಾಸವನ್ನು ಬಣ್ಣಗಳಲ್ಲಿ ತೋರಿಸಲಾಗುತ್ತದೆ.

ಮಿತಿಗಳು: ಹೊಳೆಯುವ ಹಾಗೂ ಪಾರದರ್ಶಕ ಮೇಲ್ಮೈಗಳಿಗೆ ತೆಳುವಾದ ಬಿಳಿ ಪುಡಿಯ ಲೇಪ ಬೇಕಾಗುತ್ತದೆ. ಆಳವಾದ ರಂಧ್ರಗಳಿಗೆ ಬೆಳಕು ತಲುಪದು. ಅತಿ ಸೂಕ್ಷ್ಮ ಅಳತೆಗೆ ಮುಟ್ಟಿ ಅಳೆಯುವ ಯಂತ್ರವನ್ನೇ ಅವಲಂಬಿಸುವುದು ಸಾಮಾನ್ಯ.

ಮಹತ್ವ: ನಕ್ಷೆ ಲಭ್ಯವಿಲ್ಲದ ಹಳೆಯ ಯಂತ್ರಗಳ ಬಿಡಿಭಾಗಗಳ ಮರುತಯಾರಿಕೆ ಇದರಿಂದ ಸುಲಭವಾಗಿದೆ. ಎರಕ, ಅಚ್ಚು, ಟರ್ಬೈನ್ ಅಲಗುಗಳಂಥ ವಕ್ರಾಕೃತಿಗಳನ್ನು ಪೂರ್ಣವಾಗಿ ಪರೀಕ್ಷಿಸಬಹುದು.