ಹೊಗೆಗೆ ಅಂಕ ಕೊಟ್ಟವರು: ಹವಾನಾ ಸಿಗಾರ್ ಪರೀಕ್ಷೆಯ ಇತಿಹಾಸ

ತಂಬಾಕಿಗೆ ಕನ್ನಡದಲ್ಲಿ ಹೊಗೆಸೊಪ್ಪು ಎಂಬ ಹೆಸರಿದೆ. ಈ ಸೊಪ್ಪನ್ನು ಜಗಿಯುವುದೂ ನಸ್ಯವಾಗಿ ಮೂಗಿಗೇರಿಸುವುದೂ ಉಂಟು. ಆದರೂ ಹೆಸರು ನಿಂತಿರುವುದು ಹೊಗೆಯ ಮೇಲೆ. ಹೊಗೆ ಎಂದರೆ ಗಾಳಿಯಲ್ಲಿ ತೇಲುವ ಸೂಕ್ಷ್ಮ ಹನಿಗಳು ಮತ್ತು ಅನಿಲಗಳ ಮಿಶ್ರಣ. ಕ್ಷಣಮಾತ್ರದಲ್ಲಿ ಚೆದುರಿ ಹೋಗುವ ಇಂಥ ವಸ್ತುವಿನ ಗುಣಮಟ್ಟವನ್ನು ಅಳೆಯುವುದು ಹೇಗೆ? ಕ್ಯೂಬಾ ದ್ವೀಪದ ಸಿಗಾರ್ ತಯಾರಕರು ಈ ಪ್ರಶ್ನೆಗೆ ಕೈ, ಕಣ್ಣು, ಮೂಗು ಮತ್ತು ನಾಲಗೆಗಳ ನೆರವಿನಿಂದ ಒಂದು ಉತ್ತರ ಕಂಡುಕೊಂಡರು. ಆ ಉತ್ತರ ಎಷ್ಟು ಸೂಕ್ಷ್ಮವಾಗಿತ್ತು, ಎಲ್ಲಿ ಸೋತಿತು ಎಂಬುದು ವಿಜ್ಞಾನದ ವಿದ್ಯಾರ್ಥಿಗಳು ತಿಳಿಯಬೇಕಾದ ಸಂಗತಿ.

ಸೆವಿಲ್‌ನಿಂದ ಹವಾನಾಕ್ಕೆ

1492ರ ನವೆಂಬರ್ ತಿಂಗಳಲ್ಲಿ ಕೊಲಂಬಸ್ ತನ್ನ ಇಬ್ಬರು ಸಂಗಡಿಗರನ್ನು ಕ್ಯೂಬಾದ ಒಳನಾಡಿಗೆ ಕಳುಹಿಸಿದ. ರೊಡ್ರಿಗೊ ದ ಹೆರೆಸ್ ಮತ್ತು ಲೂಯಿಸ್ ದ ಟೊರೆಸ್ ಎಂಬ ಇವರು, ಅಲ್ಲಿನ ತೈನೊ ಜನರು ಒಣ ಎಲೆಗಳನ್ನು ಸುರುಳಿ ಸುತ್ತಿ, ಒಂದು ತುದಿಗೆ ಬೆಂಕಿ ತಾಗಿಸಿ ಹೊಗೆ ಎಳೆಯುವುದನ್ನು ಕಂಡರು. ಯೂರೋಪಿನವರು ಸಿಗಾರಿನ ಮೂಲರೂಪವನ್ನು ನೋಡಿದ್ದು ಹೀಗೆ. ನಮ್ಮ ಚುಟ್ಟವೂ ಹೆಚ್ಚುಕಡಿಮೆ ಇದೇ ಮಾದರಿಯದು.

ಮುಂದೆ ಕ್ಯೂಬಾದ ಎಲೆ ಹಡಗುಗಳಲ್ಲಿ ಸ್ಪೇನಿನ ಸೆವಿಲ್ ನಗರಕ್ಕೆ ಹೋಗತೊಡಗಿತು. 1717ರಲ್ಲಿ ಸ್ಪೇನಿನ ದೊರೆ ತಂಬಾಕಿನ ವ್ಯಾಪಾರವನ್ನು ಸರ್ಕಾರದ ಏಕಸ್ವಾಮ್ಯಕ್ಕೆ ಒಳಪಡಿಸಿದ. ಬೆಳೆಗಾರರು ಇದರ ವಿರುದ್ಧ ದಂಗೆಯೆದ್ದರು. ಕೊನೆಗೆ 1817ರಲ್ಲಿ ಏಕಸ್ವಾಮ್ಯ ರದ್ದಾಯಿತು. ಆ ಬಳಿಕ ಹವಾನಾದಲ್ಲಿ ಕಾರ್ಖಾನೆಗಳು ಒಂದರ ಹಿಂದೊಂದು ತಲೆಯೆತ್ತಿದವು. 1844ರಲ್ಲಿ ಉಪ್‌ಮನ್, 1845ರಲ್ಲಿ ಪಾರ್ತಗಾಸ್, 1875ರಲ್ಲಿ ರೊಮಿಯೊ ಇ ಹುಲಿಯೇಟಾ ಹೆಸರುಗಳು ಮಾರುಕಟ್ಟೆಗೆ ಬಂದವು.

ಹೆಸರು ಬಂದೊಡನೆ ಒಂದು ತೊಡಕೂ ಬಂದಿತು. ಲಂಡನ್ನಿನಲ್ಲಿ ಒಂದು ಪೆಟ್ಟಿಗೆ ಕೊಂಡವನು ಮುಂದಿನ ವರ್ಷವೂ ಅದೇ ರುಚಿಯನ್ನು ನಿರೀಕ್ಷಿಸುತ್ತಾನೆ. ಆದರೆ ಮಳೆ, ಮಣ್ಣು, ಬಿಸಿಲು ಪ್ರತಿ ವರ್ಷ ಒಂದೇ ಬಗೆಯಾಗಿರುವುದಿಲ್ಲ. ಒಂದೇ ಗಿಡದ ಮೇಲಿನ ಎಲೆಗೂ ಕೆಳಗಿನ ಎಲೆಗೂ ವ್ಯತ್ಯಾಸವಿರುತ್ತದೆ. ಸುತ್ತುವವರ ಕೈಗಳೂ ಬೇರೆಬೇರೆ. ಬದಲಾಗುವ ವಸ್ತುಗಳಿಂದ ಬದಲಾಗದ ರುಚಿಯನ್ನು ಪಡೆಯಬೇಕಾದ ಈ ಅಗತ್ಯವೇ ಸಿಗಾರ್ ಪರೀಕ್ಷೆಯ ಪದ್ಧತಿಗೆ ತಾಯಿ.

ಎಲೆಯ ರಸಾಯನಶಾಸ್ತ್ರ

ಪರೀಕ್ಷೆ ಹೊಲದಿಂದಲೇ ಆರಂಭವಾಗುತ್ತದೆ. ದ್ವೀಪದ ಪಶ್ಚಿಮಕ್ಕಿರುವ ಪಿನಾರ್ ದೆಲ್ ರಿಯೊ ಪ್ರಾಂತದ ವುಯೆಲ್ಟಾ ಅಬಾಹೊ ಪ್ರದೇಶ ಉತ್ತಮ ಎಲೆಗೆ ಹೆಸರುವಾಸಿ. ಹೊರಹೊದಿಕೆಗೆ ಬೇಕಾದ ತೆಳ್ಳಗಿನ, ನಯವಾದ ಎಲೆಯನ್ನು ಅಲ್ಲಿ ಬಟ್ಟೆಯ ಚಪ್ಪರದ ನೆರಳಿನಲ್ಲಿ ಬೆಳೆಸುತ್ತಾರೆ. ಒಳಗೆ ತುಂಬುವ ಎಲೆಗಳು ನೇರ ಬಿಸಿಲಿನಲ್ಲಿ ಬೆಳೆಯುತ್ತವೆ. ಗಿಡದ ಕೆಳಭಾಗದ ಎಲೆ ವೊಲಾಡೊ. ಚೆನ್ನಾಗಿ ಉರಿಯುವುದು ಅದರ ಗುಣ. ನಡುವಿನದು ಸೆಕೊ, ಅದು ಪರಿಮಳ ನೀಡುತ್ತದೆ. ಹೆಚ್ಚು ಬಿಸಿಲು ಪಡೆಯುವ ಮೇಲಿನ ಎಲೆ ಲಿಹೆರೊ. ಅದು ಖಾರವಾದುದು, ನಿಧಾನವಾಗಿ ಉರಿಯುವಂಥದು.

ಕೊಯ್ದ ಎಲೆಗಳನ್ನು ಗಾಳಿಯಾಡುವ ಕೊಟ್ಟಿಗೆಗಳಲ್ಲಿ ಸುಮಾರು ಐವತ್ತು ದಿನ ತೂಗುಹಾಕಲಾಗುತ್ತದೆ. ಎಲೆ ಒಮ್ಮೆಗೇ ಸಾಯುವುದಿಲ್ಲ. ಅದರ ಜೀವಕೋಶಗಳು ಕೆಲವು ದಿನ ಉಸಿರಾಡುತ್ತಲೇ ಇದ್ದು, ಪಿಷ್ಟವನ್ನೂ ಸಕ್ಕರೆಯನ್ನೂ ಬಳಸಿಬಿಡುತ್ತವೆ. ಹುಣಸೂರು, ಪಿರಿಯಾಪಟ್ಟಣಗಳ ಕಡೆ ಬೆಳೆಯುವ ವರ್ಜೀನಿಯಾ ಹೊಗೆಸೊಪ್ಪಿನ ಕಥೆ ಬೇರೆ. ಬ್ಯಾರನ್ನುಗಳ ಬಿಸಿಗೆ ಅದರ ಕಿಣ್ವಗಳು ಬೇಗ ನಿಷ್ಕ್ರಿಯವಾಗಿ ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಡಬೇಕು. ಅದರ ಪರಿಣಾಮವನ್ನು ಮುಂದೆ ನೋಡಲಿದ್ದೇವೆ.

ಅನಂತರ ತೇವಗೊಳಿಸಿದ ಎಲೆಗಳನ್ನು ರಾಶಿ ಹಾಕಿ ಹುದುಗಿಸುತ್ತಾರೆ. ಕಿಣ್ವಗಳು ಮತ್ತು ಬ್ಯಾಕ್ಟೀರಿಯಗಳ ಕೆಲಸದಿಂದ ರಾಶಿ ಬಿಸಿಯಾಗುತ್ತದೆ. ಶಾಖ ಸುಮಾರು 40 ಡಿಗ್ರಿ ಸೆಲ್ಸಿಯಸ್ ಮುಟ್ಟುವಷ್ಟರಲ್ಲಿ ರಾಶಿಯನ್ನು ಬಿಚ್ಚಿ, ತಿರುವಿ ಹಾಕಬೇಕು. ಪ್ರೋಟೀನುಗಳು ಒಡೆದು ಅಮೋನಿಯ ಹೊರಬೀಳುತ್ತದೆ. ಎಲೆ ಹದಕ್ಕೆ ಬಂದಿತೇ ಎಂದು ತಿಳಿಸುವ ಮೊದಲ ಉಪಕರಣ ಮೂಗೇ. ಅಮೋನಿಯದ ಘಾಟು ಇಳಿದಿರಬೇಕು, ಹುಲ್ಲಿನ ಹಸಿವಾಸನೆ ಹೋಗಿರಬೇಕು. ಲಿಹೆರೊ ಎಲೆ ಪಕ್ವವಾಗಲು ಸುಮಾರು ಎರಡು ವರ್ಷ ಬೇಕು.

ಕೈ ಮತ್ತು ಕಣ್ಣಿನ ಪರೀಕ್ಷೆ

ಸಿಗಾರ್ ಸುತ್ತುವ ಕುಶಲಕರ್ಮಿಗೆ ಟೋರ್ಸೆಡೋರ್ ಎಂದು ಹೆಸರು. ಮರದ ಹಲಗೆ, ಚವೇಟಾ ಎಂಬ ಬಾಗಿದ ಅಲಗು ಮತ್ತು ಒಂದಿಷ್ಟು ಸಸ್ಯಜನ್ಯ ಅಂಟು, ಇವೇ ಅವನ ಮುಖ್ಯ ಸಲಕರಣೆಗಳು. ನಿಧಾನವಾಗಿ ಉರಿಯುವ ಲಿಹೆರೊ ನಡುವಿನಲ್ಲಿ, ಬೇಗ ಉರಿಯುವ ಎಲೆಗಳು ಅದರ ಸುತ್ತ ಇರಬೇಕು. ಹಾಗಿದ್ದರೆ ಮಾತ್ರ ಬೆಂಕಿ ಸಮವಾಗಿ ಹಿಂದಕ್ಕೆ ಸರಿಯುತ್ತದೆ. ಎಲೆಗಳ ಮಡಿಕೆಗಳ ನಡುವೆ ಗಾಳಿ ಹಾಯಲು ಸಣ್ಣ ಕಾಲುವೆಗಳು ಉಳಿಯಬೇಕು. ಬಿಗಿಯಾದರೆ ಹೊಗೆ ಬಾರದು. ಸಡಿಲವಾದರೆ ಬೇಗ ಬಿಸಿಯಾಗಿ ಕಹಿಯಾಗುತ್ತದೆ.

ಐವತ್ತು ಸಿಗಾರುಗಳ ಒಂದು ಕಟ್ಟು ಮೇಲ್ವಿಚಾರಕನ ಬಳಿ ಬರುತ್ತದೆ. ಅವನು ತೂಕ ನೋಡುತ್ತಾನೆ, ಉದ್ದ ಅಳೆಯುತ್ತಾನೆ, ದಪ್ಪವನ್ನು ಬಳೆಯಂಥ ಮಾಪಕದಲ್ಲಿ ತೂರಿಸಿ ಪರೀಕ್ಷಿಸುತ್ತಾನೆ. ದಪ್ಪದ ಮಾನ ಅಂಗುಲದ 64ನೇ ಒಂದು ಭಾಗ. ರೊಬಸ್ಟೊ ಎಂಬ ಅಳತೆಯ ಸಿಗಾರಿಗೆ ಈ ಸಂಖ್ಯೆ 50, ಉದ್ದ 124 ಮಿಲಿಮೀಟರ್. ಬೆರಳಿನಿಂದ ಒತ್ತಿ ಎಲ್ಲಿ ಗಂಟು, ಎಲ್ಲಿ ಪೊಳ್ಳು ಎಂದು ಹುಡುಕುವುದೂ ಇದೇ ಹಂತದಲ್ಲಿ. ಕೊನೆಗೆ ಬಣ್ಣ ವಿಂಗಡಿಸುವವರು ಅರವತ್ತಕ್ಕೂ ಹೆಚ್ಚು ಛಾಯೆಗಳನ್ನು ಗುರುತಿಸಿ, ಒಂದು ಪೆಟ್ಟಿಗೆಯಲ್ಲಿ ಒಂದೇ ಛಾಯೆಯವು ಬರುವಂತೆ ಜೋಡಿಸುತ್ತಾರೆ.

ರುಚಿ ನೋಡುವವರು

ಇಷ್ಟಾದರೂ ಹೊಗೆಯ ಗುಣ ತಿಳಿಯಲಿಲ್ಲ. ಅದಕ್ಕಾಗಿ ಪ್ರತಿ ಕಾರ್ಖಾನೆಯಲ್ಲಿ ಕಟಡೋರ್ ಎಂಬ ರುಚಿಪರೀಕ್ಷಕರ ತಂಡವಿರುತ್ತದೆ. ನಾಲಗೆ ದಣಿಯದ ಬೆಳಗಿನ ಹೊತ್ತಿನಲ್ಲಿ ಇವರ ಕೆಲಸ. ಇಡೀ ಸಿಗಾರನ್ನು ಅವರು ಸೇದುವುದಿಲ್ಲ. ಅಂಗುಲದಷ್ಟು ಸೇದಿ ಆರಿಸಿ, ಸಕ್ಕರೆ ಹಾಕದ ಚಹಾ ಗುಟುಕರಿಸಿ ಬಾಯಿ ತಿಳಿಗೊಳಿಸಿಕೊಂಡು ಮುಂದಿನದಕ್ಕೆ ಹೋಗುತ್ತಾರೆ. ಹೊಗೆ ಸಲೀಸಾಗಿ ಬರುತ್ತದೆಯೇ, ಬೆಂಕಿ ಸಮವಾಗಿ ಉರಿಯುತ್ತದೆಯೇ, ಪರಿಮಳ ಹೇಗಿದೆ, ರುಚಿ ಹೇಗಿದೆ, ಖಾರ ಎಷ್ಟು ಎಂಬ ಅಂಶಗಳಿಗೆ ಬೇರೆಬೇರೆಯಾಗಿ ಬೆಲೆ ಕಟ್ಟುತ್ತಾರೆ.

ಇಲ್ಲಿ ರುಚಿ ಎನ್ನುವುದು ಕೇವಲ ನಾಲಗೆಯ ವ್ಯವಹಾರವಲ್ಲ. ನಾಲಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿಗಳಂಥ ಕೆಲವೇ ರುಚಿಗಳು. ದೇವದಾರು, ಕೋಕೋ, ತೊಗಲು, ಹುರಿದ ಕಾಫಿ ಎಂದು ಪರೀಕ್ಷಕರು ಹೆಸರಿಸುವುದೆಲ್ಲ ಬಾಯಿಯ ಹಿಂಭಾಗದಿಂದ ಮೂಗಿಗೇರುವ ವಾಸನೆ. ನೆಗಡಿಯಾದಾಗ ಸಾರು ಸಪ್ಪೆಯೆನಿಸುವುದು ಇದೇ ಕಾರಣದಿಂದ. ಮೂಗಿನ ವಾಸನಾ ಗ್ರಾಹಕಗಳ ವಂಶವಾಹಿಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಗುರುತಿಸಿದರು. 2004ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು. ಖಾರ, ಉರಿ, ಘಾಟುಗಳು ಮೂರನೆಯ ದಾರಿಯಿಂದ, ಮುಖದ ಟ್ರೈಜೆಮಿನಲ್ ನರದ ಮೂಲಕ, ಮಿದುಳನ್ನು ಮುಟ್ಟುತ್ತವೆ.

1960ರ ಸೆಪ್ಟೆಂಬರಿನಲ್ಲಿ ಕ್ಯೂಬಾದ ತಂಬಾಕು ಉದ್ಯಮ ರಾಷ್ಟ್ರೀಕರಣಗೊಂಡಿತು. 1992ರಲ್ಲಿ ಅಮೆರಿಕದಲ್ಲಿ ಆರಂಭವಾದ ಸಿಗಾರ್ ಅಫಿಷನಾಡೊ ಎಂಬ ಪತ್ರಿಕೆ, ಹೆಸರಿನ ಪಟ್ಟಿ ತೆಗೆದ ಸಿಗಾರುಗಳಿಗೆ 100 ಅಂಕಗಳ ಲೆಕ್ಕದಲ್ಲಿ ಬೆಲೆ ಕಟ್ಟತೊಡಗಿತು. ಸಿಗಾರಿನ ಬೇಡಿಕೆ ಏರಿತು. 1990ರ ದಶಕದ ಕೊನೆಯಲ್ಲಿ ಅವಸರದ ಉತ್ಪಾದನೆಯಿಂದ ಹೊಗೆಯೇ ಬಾರದ ಬಿಗಿ ಸಿಗಾರುಗಳು ಹೆಚ್ಚಿದವು. ಆಗ ಕಾರ್ಖಾನೆಗಳಿಗೆ ಎಳೆತ ಅಳೆಯುವ ಯಂತ್ರಗಳು ಬಂದವು. ಹೊರಹೊದಿಕೆ ಸುತ್ತುವ ಮೊದಲೇ ಸುರುಳಿಯ ಮೂಲಕ ಗಾಳಿ ಎಳೆದು, ಒತ್ತಡ ಎಷ್ಟು ಇಳಿಯಿತೆಂದು ಯಂತ್ರ ತೋರಿಸುತ್ತದೆ. ಕೈಬೆರಳಿನ ಅಂದಾಜು ಹೀಗೆ ಅಂಕಿಯಾಯಿತು. ಪರಿಮಳ ಮಾತ್ರ ಮನುಷ್ಯರ ಪಾಲಿಗೇ ಉಳಿಯಿತು.

ನಾಲಗೆಯ ತೀರ್ಪನ್ನು ನಂಬಬಹುದೇ?

ಈ ಪ್ರಶ್ನೆಗೆ ಗಣಿತದ ಉತ್ತರ ದೊರೆತದ್ದು ಸಿಗಾರಿನಿಂದಲ್ಲ, ಚಹಾದಿಂದ. 1920ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನ ಕೇಂದ್ರದಲ್ಲಿದ್ದ ಮ್ಯೂರಿಯೆಲ್ ಬ್ರಿಸ್ಟಲ್ ಎಂಬ ವಿಜ್ಞಾನಿ, ಬಟ್ಟಲಿಗೆ ಮೊದಲು ಹಾಲು ಹಾಕಿದರೋ ಚಹಾ ಹಾಕಿದರೋ ಎಂಬುದನ್ನು ರುಚಿಯಿಂದಲೇ ಹೇಳಬಲ್ಲೆ ಎಂದರು. ಅಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ ಈ ಮಾತನ್ನು ಪರೀಕ್ಷಿಸುವ ಬಗೆಯನ್ನು ಯೋಚಿಸಿ, 1935ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಎಂಟು ಬಟ್ಟಲುಗಳಲ್ಲಿ ನಾಲ್ಕು ಒಂದು ಬಗೆ, ನಾಲ್ಕು ಇನ್ನೊಂದು ಬಗೆ. ಕೊಡುವ ಕ್ರಮ ಚೀಟಿ ಎತ್ತಿದಂತೆ ಯಾದೃಚ್ಛಿಕ. ಎಂಟರಲ್ಲಿ ನಾಲ್ಕನ್ನು ಆರಿಸಲು 70 ದಾರಿಗಳಿವೆ. ಸುಮ್ಮನೆ ಊಹಿಸಿದವರು ಎಲ್ಲವನ್ನೂ ಸರಿಯಾಗಿ ಹೇಳುವ ಸಂಭಾವ್ಯತೆ 70ರಲ್ಲಿ 1 ಮಾತ್ರ. ಯಾವುದೇ ರುಚಿಪರೀಕ್ಷಕರ ನಾಲಗೆಯನ್ನು ಪರೀಕ್ಷಿಸಲು ಇಂಥ ವಿಧಾನ ಸಾಕು.

ಕೇಳದ ಪ್ರಶ್ನೆ

1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫೋರ್ಡ್ ಹಿಲ್ ಲಂಡನ್ ಆಸ್ಪತ್ರೆಗಳ ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಶ್ವಾಸಕೋಶದ ಕ್ಯಾನ್ಸರಿದ್ದ 649 ಗಂಡಸರಲ್ಲಿ ಹೊಗೆ ಸೇದದವರು ಕೇವಲ 2. ಬೇರೆ ಕಾಯಿಲೆಯ ಅಷ್ಟೇ ಸಂಖ್ಯೆಯ ಗಂಡಸರಲ್ಲಿ 27. ವಿಚಿತ್ರವೆಂದರೆ, ರುಚಿಪರೀಕ್ಷೆಗೆ ಗಣಿತದ ತಳಹದಿ ಹಾಕಿದ ಫಿಷರ್ ಅವರೇ ಈ ತೀರ್ಮಾನವನ್ನು ವಿರೋಧಿಸಿದರು. ಹೊಗೆ ಸೇದುವ ಒಲವು ಮತ್ತು ಕ್ಯಾನ್ಸರ್ ಎರಡಕ್ಕೂ ಒಂದೇ ಆನುವಂಶಿಕ ಕಾರಣವಿರಬಹುದು ಎಂದು 1957–58ರಲ್ಲಿ ವಾದಿಸಿದರು. ಸ್ವತಃ ಪೈಪು ಸೇದುತ್ತಿದ್ದ ಅವರು ತಂಬಾಕು ತಯಾರಕರ ಸಮಿತಿಯೊಂದಕ್ಕೆ ಸಲಹೆಗಾರರೂ ಆಗಿದ್ದರು. ಯಾದೃಚ್ಛಿಕ ಪ್ರಯೋಗವಿಲ್ಲದೆ ಕಾರಣವನ್ನು ಹೇಳಲಾಗದು ಎಂಬ ಅವರ ಎಚ್ಚರಿಕೆ ತಾತ್ತ್ವಿಕವಾಗಿ ತೂಕದ್ದು. ಆದರೆ ಬ್ರಿಟಿಷ್ ವೈದ್ಯರನ್ನು 1951ರಿಂದ ಐವತ್ತು ವರ್ಷ ಹಿಂಬಾಲಿಸಿದ ಅಧ್ಯಯನ ಸೇರಿದಂತೆ, ನಾನಾ ಕಡೆಗಳ ಸಾಕ್ಷ್ಯ ಅವರ ವಾದವನ್ನು ಅಲ್ಲಗಳೆಯಿತು.

ಸಿಗಾರಿನ ಹೊಗೆಯನ್ನು ಎದೆಯೊಳಗೆ ಎಳೆಯುವುದಿಲ್ಲ, ಆದ್ದರಿಂದ ಅಪಾಯವಿಲ್ಲ ಎಂಬ ನಂಬಿಕೆ ಬಹುಕಾಲ ಇತ್ತು. ಈಗ ಮೇಲೆ ಹೇಳಿದ ಸಕ್ಕರೆಯ ವಿಷಯಕ್ಕೆ ಮರಳೋಣ. ಸಕ್ಕರೆಯುಳ್ಳ ಸಿಗರೇಟು ತಂಬಾಕಿನ ಹೊಗೆ ಆಮ್ಲೀಯ. ಅದರ ಪಿಎಚ್ ಸುಮಾರು 6. ಸಕ್ಕರೆ ಕಳೆದುಕೊಂಡು ಹುದುಗಿದ ಸಿಗಾರ್ ಎಲೆಯ ಹೊಗೆ ಕ್ಷಾರೀಯ. ಪಿಎಚ್ 8ರ ಆಸುಪಾಸು. ಪಿಎಚ್ 6ರಲ್ಲಿ ನಿಕೊಟಿನ್ನಿನ ಶೇಕಡ 1ರಷ್ಟು ಮಾತ್ರ ಮುಕ್ತ ರೂಪದಲ್ಲಿದ್ದರೆ, 8ರಲ್ಲಿ ಸುಮಾರು ಅರ್ಧದಷ್ಟು ಮುಕ್ತವಾಗಿರುತ್ತದೆ. ಮುಕ್ತ ನಿಕೊಟಿನ್ ಬಾಯಿಯ ಒಳಪೊರೆಯನ್ನೇ ದಾಟಿ ರಕ್ತ ಸೇರುತ್ತದೆ. ಹೊಗೆ ಒಳಗೆಳೆಯದಿದ್ದರೂ ಚಟ ಹತ್ತುವುದು ಹೀಗೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ 1998ರ ವರದಿ, ನಿತ್ಯ ಸಿಗಾರ್ ಸೇದುವುದು ಬಾಯಿ, ಧ್ವನಿಪೆಟ್ಟಿಗೆ, ಅನ್ನನಾಳ ಮತ್ತು ಶ್ವಾಸಕೋಶಗಳ ಕ್ಯಾನ್ಸರಿಗೆ ಕಾರಣವೆಂದು ಹೇಳಿತು.

ಇನ್ನೂ ಒಂದು ಸಂಗತಿಯಿದೆ. ಹೊಗೆಯನ್ನು ಮೃದುಗೊಳಿಸುವ ಹುದುಗುವಿಕೆಯಲ್ಲಿಯೇ ಬ್ಯಾಕ್ಟೀರಿಯಗಳು ಎಲೆಯ ನೈಟ್ರೇಟನ್ನು ನೈಟ್ರೈಟಾಗಿಸುತ್ತವೆ. ಅದರಿಂದ ಕ್ಯಾನ್ಸರ್‌ಕಾರಕ ನೈಟ್ರೋಸಮೀನುಗಳು ಹುಟ್ಟುತ್ತವೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗಂತೂ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಟಡೋರ್ ಹೆಚ್ಚು ಅಂಕ ಕೊಟ್ಟ ಸಿಗಾರು ಕಡಿಮೆ ಅಂಕದ ಸಿಗಾರಿಗಿಂತ ನಿರಪಾಯಕಾರಿಯೇನಲ್ಲ. ಅವನ ಅಳತೆ ತಪ್ಪಲ್ಲ. ಅವನಿಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಕೇಳಿದ್ದರೂ ನಾಲಗೆಗೆ ಉತ್ತರ ಗೊತ್ತಿರಲಿಲ್ಲ. ಇಪ್ಪತ್ತು, ಮೂವತ್ತು ವರ್ಷಗಳ ಬಳಿಕ ತೋರುವ ಫಲವನ್ನು ಅಳೆಯಲು ಸಾವಿರಾರು ಜನರ ಲೆಕ್ಕವೇ ಬೇಕು.

ಶಿಕ್ಷಕರು ಫಿಷರ್ ಅವರ ಪ್ರಯೋಗವನ್ನು ತರಗತಿಯಲ್ಲಿ ಬೆಲ್ಲದ ಪಾನಕ ಮತ್ತು ಸಕ್ಕರೆ ಪಾನಕಗಳಿಂದ ಸುಲಭವಾಗಿ ಮಾಡಿಸಬಹುದು. ಬಣ್ಣ ಕಾಣದಂತೆ ಕಣ್ಣು ಕಟ್ಟಬೇಕು. ಎಂಟು ಲೋಟಗಳ ಕ್ರಮವನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಎಷ್ಟು ಮಕ್ಕಳು ಎಲ್ಲವನ್ನೂ ಸರಿಯಾಗಿ ಗುರುತಿಸಿದರು ಎಂದು ಬರೆದುಕೊಂಡ ಮೇಲೆ ಅವರಿಗೆ ಇನ್ನೊಂದು ಪ್ರಶ್ನೆ ಕೇಳಬೇಕು: ಈ ಎರಡು ಪಾನಕಗಳಲ್ಲಿ ಹಲ್ಲಿಗೆ ಹೆಚ್ಚು ಕೆಡುಕು ಯಾವುದರಿಂದ? ಅದಕ್ಕೆ ನಾಲಗೆಯನ್ನು ನೆಚ್ಚದೆ ಬೇರೆ ಪ್ರಯೋಗವನ್ನು ಯೋಚಿಸಬೇಕೆಂದು ಅವರಿಗೇ ಹೊಳೆದರೆ ಪಾಠ ಮುಟ್ಟಿತೆಂದೇ ಅರ್ಥ.